ಸೆಪ್ಟೆಂಬರ್ ಕೊನೆಯ ವಾರ ಎಲ್ಲಿಗೆ ಹೋಗಬೇಕು

ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಯ ಮೇಘನಾ ಈಚೆಗೆ ವಿಕ್ರೋಳಿಯ ಒಂದು ಪ್ರವಾಸ ಕಂಪನಿಗೆ ಸೇರಿದ್ದಾಳೆ. ಹೋದ ತಿಂಗಳು ಲಿಫ್ಟಿನಲ್ಲಿ ಸಿಕ್ಕವಳು, "ಆಂಟಿ, ನೀವು ಇಷ್ಟು ವರ್ಷ ಇದೇ ಕೆಲಸ ಮಾಡಿದ್ರಲ್ಲಾ, ಸೆಪ್ಟೆಂಬರ್ ಎಂಡ್‌ಗೆ ಬೆಸ್ಟ್ ಜಾಗಾ ಯಾವುದು? ಏಕ್ ಲಿಸ್ಟ್ ಕೊಡ್ತೀರಾ?" ಎಂದು ಕೇಳಿದಳು. ಕೊಡುತ್ತೇನೆ ಎಂದೆ. ಮನೆಗೆ ಬಂದು ಕಾಗದ ಹಿಡಿದು ಕೂತು ಒಂದು, ಎರಡು, ಮೂರು ಎಂದು ಅಂಕಿ ಹಾಕಿದೆ. ಅಂಕಿಯ ಮುಂದೆ ಊರಿನ ಹೆಸರು ಬರೆಯಲು ಹೋದರೆ, ಆ ಊರಿಗೆ ನಾನು ಕಳಿಸಿ ಫಜೀತಿಯಾದ ಯಾರದೋ ಮುಖ ಎದುರಿಗೆ ಬಂದು ನಿಲ್ಲುತ್ತಿತ್ತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಜನರಿಗೆ "ಇಲ್ಲಿಗೆ ಹೋಗಿ" ಎಂದು ಹೇಳಿದವಳು ನಾನು. ಒಂದು ಪಟ್ಟಿ ಮಾಡಲು ನನ್ನಿಂದ ಆಗಲಿಲ್ಲ. ಅದರ ಬದಲು ಇದನ್ನು ಬರೆಯುತ್ತಿದ್ದೇನೆ.

ನಮ್ಮಪ್ಪ ಧಾರವಾಡದಿಂದ ಕೇಂದ್ರ ಸರ್ಕಾರದ ನೌಕರಿಗೆಂದು ಮುಂಬಯಿಗೆ ಬಂದವರು. ನಾನು ಬೆಳೆದದ್ದು ಆಂಟಾಪ್ ಹಿಲ್‌ನ ಸರ್ಕಾರಿ ಕ್ವಾರ್ಟರ್ಸಿನಲ್ಲಿ. ಒಂದೂವರೆ ಕೋಣೆಯಲ್ಲಿ ಎಂಟು ಜನ. ಡಿಗ್ರಿ ಮುಗಿದ ಮೇಲೆ ಚೆಂಬೂರು ಸ್ಟೇಶನ್ ಹತ್ತಿರ, ಒಂದು ಔಷಧಿ ಅಂಗಡಿಯ ಮೇಲಿದ್ದ ಸಣ್ಣ ಟ್ರಾವೆಲ್ ಆಫೀಸಿಗೆ ಸೇರಿದೆ. ಅದರ ಮಾಲೀಕರು ಸದಾನಂದ ಭಂಡಾರಿ ಎಂಬ ಉಡುಪಿ ಕಡೆಯವರು. ಅವರ ಅಣ್ಣಂದಿರೆಲ್ಲ ಹೋಟೆಲಿನವರು. ಇವರೊಬ್ಬರು ಮಾತ್ರ, "ಕೂತಲ್ಲಿಗೇ ಇಡ್ಲಿ ತಂದುಕೊಡುವುದಕ್ಕಿಂತ ಜನರನ್ನೇ ಎಬ್ಬಿಸಿ ಕಳಿಸುವ ಕೆಲಸ ಮಾಡ್ತೇನೆ" ಎಂದು ಈ ಕಡೆ ಬಂದವರು. ಆದರೂ ಹೋಟೆಲಿನ ಗುಣ ಬಿಡಲಿಲ್ಲ. ಯಾರೇ ಒಳಗೆ ಬರಲಿ, ಮೊದಲು ನೀರಿನ ಲೋಟ ಮುಂದಿಡಬೇಕು. ಅವರು ನೀರು ಕುಡಿದು ಮುಗಿಸುವವರೆಗೆ ಯಾವ ದೇಶದ ಹೆಸರನ್ನೂ ಎತ್ತುವಂತಿಲ್ಲ.

ನನ್ನ ಕೆಲಸವೆಂದರೆ ಮೇಜಿನ ಈಚೆ ಕೂತು, ಆಚೆ ಕೂತವರಿಗೆ ಜಾಗ ಸೂಚಿಸುವುದು. ಬೇಸಿಗೆ ರಜೆ, ದೀಪಾವಳಿ ರಜೆ ಸುಲಭ. ಎಲ್ಲರೂ ಹೋಗುವ ಕಡೆಗೇ ಎಲ್ಲರೂ ಹೋಗುತ್ತಾರೆ. ಗೊಂದಲವೆಲ್ಲ ಸೆಪ್ಟೆಂಬರ್ ಕೊನೆಯಲ್ಲಿ. ಮುಂಬಯಿಯಲ್ಲಿ ಮಳೆ ಹೋದ ಹಾಗೆ ಮಾಡಿ ಮತ್ತೆ ಬರುವ ಹೊತ್ತು ಅದು. ಪುಸ್ತಕದ ಪ್ರಕಾರ ಶರದೃತು. ನಮ್ಮ ಶರದೃತುವಿನಲ್ಲಿ ಎಲೆ ಉದುರುವುದಿಲ್ಲ, ಅಕ್ಟೋಬರಿನ ಸೆಕೆಗೆ ಮನುಷ್ಯರೇ ಉದುರುತ್ತಾರೆ. ಆದರೆ ಬಂದವರೆಲ್ಲ ಕೇಳುತ್ತಿದ್ದುದು ಒಂದೇ: "ಆಟಮ್ ನೋಡಬೇಕು. ಕೆಂಪು ಎಲೆ ನೋಡಬೇಕು."

ಸೇರಿದ ಎರಡನೆಯ ವರ್ಷ ಚೆಂಬೂರಿನ ಒಬ್ಬ ದಂತವೈದ್ಯರು ಹೆಂಡತಿಯ ಜೊತೆ ಬಂದರು. ಆಕೆಯ ಕೈಯಲ್ಲಿ ಒಂದು ಹಳೇ ಕ್ಯಾಲೆಂಡರಿನ ಹಾಳೆಯಿತ್ತು: ಕೆರೆಯ ದಂಡೆ, ಕೆಂಪು ಹಳದಿ ಮರಗಳು. ನನ್ನ ಹತ್ತಿರ ನ್ಯೂಜಿಲೆಂಡಿನ ಬ್ರೋಶರಿನಲ್ಲಿ ಅಂಥದ್ದೇ ಚಿತ್ರವಿತ್ತು, ಕೆಳಗೆ 'ಆಟಮ್' ಎಂದೂ ಇತ್ತು. ಸೆಪ್ಟೆಂಬರ್ ಎಂದರೆ ಆಟಮ್, ಇದೂ ಆಟಮ್, ಸರಿಯಾಯಿತಲ್ಲ ಎಂದು ಉತ್ಸಾಹದಿಂದ ಎಲ್ಲ ವ್ಯವಸ್ಥೆ ಮಾಡಿ ಕಳಿಸಿಬಿಟ್ಟೆ. ಅವರ ವಿಮಾನ ಹಾರಿದ ಮರುದಿನ ಭಂಡಾರಿ ಸರ್ ಫೈಲು ನೋಡುತ್ತ ನನ್ನನ್ನು ಕರೆದರು.

"ಎಂತ ಮಾಡಿದೆ ಮಾರಾಯ್ತಿ? ಭೂಮಿಯ ಕೆಳಗಿನ ಅರ್ಧದಲ್ಲಿ ಎಲ್ಲ ಉಲ್ಟಾ ಅಲ್ವಾ? ಅಲ್ಲಿ ಎಲೆ ಕೆಂಪಾಗುವುದು ಏಪ್ರಿಲಿಗೆ. ಈಗ ಅಲ್ಲಿ ವಸಂತ."

ಶಾಲೆಯಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ, ಮೇಜಿನ ಮುಂದೆ ಕೂತಾಗ ಮಾತ್ರ ನೆನಪಾಗಲಿಲ್ಲ. ಹನ್ನೆರಡು ದಿನ ನಿದ್ದೆಯಿಲ್ಲ. ದಂಪತಿಗಳು ವಾಪಸ್ಸು ಬಂದ ದಿನ ನಾನು ಒಳಗಿನ ಕೋಣೆಯಲ್ಲಿ ಅಡಗಿ ಕೂತಿದ್ದೆ. ಆಕೆ ನನ್ನನ್ನು ಹುಡುಕಿಕೊಂಡು ಒಳಗೇ ಬಂದು ಒಂದು ಫೋಟೋ ಕೊಟ್ಟರು. ಬಿಳಿ ಹೂವು ತುಂಬಿದ ಮರ, ಹಸಿರು ಹುಲ್ಲು, ಸಣ್ಣ ಕುರಿಮರಿಗಳು. "ಎಷ್ಟು ಚಂದ ಆಟಮ್ ತೋರಿಸಿದ್ರಿ ನೀವು! ಎಲೆ ಕೆಂಪಾಗೋಕೆ ಸ್ವಲ್ಪ ಲೇಟ್ ಇತ್ತಂತೆ, ಅಷ್ಟೇ" ಎಂದರು. ಯಾರು ಹಾಗೆ ಹೇಳಿದರೋ, ಅವರೇ ಅಂದುಕೊಂಡರೋ ಗೊತ್ತಿಲ್ಲ. ನಾನು ಬಾಯಿ ತೆರೆಯುವುದರೊಳಗೆ ಭಂಡಾರಿ ಸರ್ ಆಕೆಯ ಹಿಂದಿನಿಂದ ಕಣ್ಸನ್ನೆ ಮಾಡಿದರು. ಸುಮ್ಮನಾದೆ. ಆಕೆ ತಪ್ಪು ಋತುವನ್ನು ನೋಡಿ ಸಂತೋಷಪಟ್ಟದ್ದು ನನ್ನ ಅದೃಷ್ಟವೋ, ಆಕೆಗೆ ನಾನು ಮಾಡಿದ ಮೋಸವೋ, ಇವತ್ತಿಗೂ ನನಗೆ ಬಗೆಹರಿದಿಲ್ಲ.

ಆಮೇಲೆ ನಾನು ಒಂದು ನೋಟ್‌ಬುಕ್ ಇಟ್ಟೆ. ವಾಪಸ್ಸು ಬಂದವರನ್ನು ಕೂರಿಸಿ, ಯಾವ ವಾರ ಅಲ್ಲಿ ಏನಿತ್ತು ಎಂದು ಕೇಳಿ ಬರೆದುಕೊಳ್ಳುತ್ತಿದ್ದೆ. ಜಪಾನಿನಲ್ಲಿ ಸೆಪ್ಟೆಂಬರ್ ಎಂದರೆ ಬಿರುಗಾಳಿ, ಎಲೆ ಕೆಂಪಾಗುವುದು ನವೆಂಬರಿಗೆ. ಕಾಶ್ಮೀರದ ಚಿನಾರ್ ಮರ ಕೆಂಪಾದದ್ದು ನೋಡಬೇಕೆಂದರೆ ಅಕ್ಟೋಬರ್ ಕೊನೆಯವರೆಗೆ ಕಾಯಬೇಕು. ಗ್ರೀಸಿನ ಸಮುದ್ರ ಆಗಲೂ ಬೆಚ್ಚಗಿರುತ್ತದೆ. ಕೆನಡಾದಲ್ಲಿ ಕೆಲವು ವರ್ಷ ಎಲೆ ಆ ವಾರವೇ ಕೆಂಪಾಗುತ್ತದೆ, ಕೆಲವು ವರ್ಷ ಇಲ್ಲ. ಜರ್ಮನಿಯ ಮ್ಯೂನಿಕ್ಕಿನಲ್ಲಿ ಅದೇ ಹೊತ್ತಿಗೆ ಬಿಯರ್ ಹಬ್ಬ. ಈರುಳ್ಳಿಯನ್ನೂ ಮುಟ್ಟದ ಒಂದು ಕುಟುಂಬವನ್ನು ನಾನು ತಿಳಿಯದೆ ಆ ಗದ್ದಲದ ನಡುವೆ ಇಳಿಸಿದ್ದೆ. ಊರಿಡೀ ರೂಮು ಸಿಗದೆ ಅವರು ರೈಲಿನಲ್ಲಿ ಒಂದು ತಾಸು ದೂರದ ಹಳ್ಳಿಗೆ ಹೋಗಿ ಮಲಗಿದರು. ಆ ಹಳ್ಳಿ ಅವರಿಗೆ ಎಷ್ಟು ಹಿಡಿಸಿತೆಂದರೆ ಮುಂದಿನ ವರ್ಷ ಮತ್ತೆ ಅಲ್ಲಿಗೇ ಕಳಿಸಿ ಎಂದರು. ಕಳಿಸಿದೆ. ಎರಡನೇ ಸಲ ಹಿಡಿಸಲಿಲ್ಲ.

ಇವೆಲ್ಲ ದೇಶಗಳ ಗೊಂದಲವಾದರೆ, ನಮ್ಮ ಪಂಚಾಂಗದ ಗೊಂದಲ ಬೇರೆ. ಗಣಪತಿ ವಿಸರ್ಜನೆಯಾಗದೆ ಮರಾಠಿಯವರು ಹೊರಡುವುದಿಲ್ಲ, ನವರಾತ್ರಿ ಶುರುವಾದರೆ ಗುಜರಾತಿಯವರು ಹೊರಡುವುದಿಲ್ಲ. ನಡುವೆ ಉಳಿಯುವುದು ಪಿತೃಪಕ್ಷ. ಆ ಹದಿನೈದು ದಿನ ಶುಭವಲ್ಲವೆಂದು ಯಾರೂ ಪ್ರಯಾಣ ಶುರುಮಾಡುವುದಿಲ್ಲ. ಜಗತ್ತಿನಲ್ಲಿ ಹವೆ ಎಲ್ಲಕ್ಕಿಂತ ಚೆನ್ನಾಗಿರುವ ಹದಿನೈದು ದಿನ ನಮ್ಮ ಆಫೀಸಿನಲ್ಲಿ ನೊಣ ಹೊಡೆಯುತ್ತಿದ್ದೆವು.

ಕೆಲಸದ ರೀತಿಯೂ ಬದಲಾಯಿತು. ಮೊದಲು ಗೋಡೆಯ ಮೇಲೆ ದೊಡ್ಡ ನಕ್ಷೆ, ಕಪಾಟಿನ ತುಂಬ ಬ್ರೋಶರು, ದಪ್ಪ ವೇಳಾಪಟ್ಟಿಯ ಪುಸ್ತಕ, ಒಂದು ಫ್ಯಾಕ್ಸ್ ಯಂತ್ರ. ಆಮೇಲೆ ಕಂಪ್ಯೂಟರ್. ಕೊನೆಕೊನೆಗೆ ಜನ ಎಲ್ಲವನ್ನೂ ಫೋನಿನಲ್ಲಿ ನೋಡಿಕೊಂಡೇ ಬರತೊಡಗಿದರು. ಆಗ ನನ್ನ ಕೆಲಸ ಹಗುರವಾಗಬೇಕಿತ್ತು, ಆಗಲಿಲ್ಲ. ಮೊದಲು ಮೂರು ಜಾಗದ ನಡುವೆ ತೂಗಾಡುತ್ತಿದ್ದವರು ಈಗ ಮೂವತ್ತರ ನಡುವೆ ತೂಗಾಡಿ, ಸುಸ್ತಾಗಿ ಬಂದು, "ಮ್ಯಾಡಮ್, ಆಪ್ ಹೀ ಬತಾವೋ, ನೀವೇ ಹೇಳಿಬಿಡಿ" ಎನ್ನುತ್ತಿದ್ದರು.

ಇಷ್ಟು ಹೇಳಿದ್ದು ಮೇಘನಾಗೆ ಉಪಯೋಗವಾಗಬಹುದು. ಆದರೆ ನಾನು ಬರೆಯಲು ಕೂತದ್ದು ಇನ್ನೊಂದು ಪ್ರಸಂಗಕ್ಕಾಗಿ. ನಿವೃತ್ತಿಗೆ ಎರಡು ವರ್ಷ ಮುಂಚೆ ನಡೆದದ್ದು.

ಜುಲೈ ತಿಂಗಳಲ್ಲಿ ವಿನಾಯಕ ಕುಲಕರ್ಣಿ ಎಂಬವರು ಮನೆಯವರನ್ನೆಲ್ಲ ಕರೆದುಕೊಂಡು ಆಫೀಸಿಗೆ ಬಂದರು. ವಿಜಯಪುರದ ಕಡೆಯ ಕುಟುಂಬ. ಅವರು ವಿಕ್ರೋಳಿಯ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್. ಹೆಂಡತಿ ಪಲ್ಲವಿ ಬ್ಯಾಂಕಿನಲ್ಲಿ ಕೆಲಸ. ಒಂಬತ್ತು ವರ್ಷದ ಮಗಳು, ಆರು ವರ್ಷದ ಮಗ. ಜೊತೆಗೆ ಅವರ ತಾಯಿ ಇಂದಿರಾಬಾಯಿ, ಎಪ್ಪತ್ತರ ಹತ್ತಿರದವರು. ಕಾರ್ಖಾನೆಗೆ ಸೆಪ್ಟೆಂಬರ್ ಕೊನೆಯ ವಾರ ಯಂತ್ರಗಳ ದುರಸ್ತಿಗೆಂದು ರಜೆ, ಮಕ್ಕಳ ಪರೀಕ್ಷೆಯೂ ಅಷ್ಟರಲ್ಲಿ ಮುಗಿಯುತ್ತದೆ. ವಿನಾಯಕ ಲೋಟದ ನೀರು ಮುಟ್ಟುವ ಮೊದಲೇ ಹೇಳಿದರು:

"ಮ್ಯಾಡಮ್, ನಮ್ಮವ್ವನ್ನ ಒಮ್ಮೆ ಫಾರಿನ್‌ಗೆ ಕರಕೊಂಡು ಹೋಗಬೇಕಂತ ನಾ ಕಾಲೇಜಿನಾಗ ಇದ್ದಾಗಿಂದ ಅನ್ಕೊಂಡೀನಿ. ಅಕಿ ಸಲುವಾಗೇ ಈ ಟ್ರಿಪ್. ಅಕಿಗೆ ಯಾವುದು ಛಲೋ ಆಗ್ತದ, ಅದನ್ನ ಹೇಳ್ರಿ."

ಇಂದಿರಾಬಾಯಿ ಮಡಿಲಲ್ಲಿ ಪರ್ಸು ಹಿಡಿದುಕೊಂಡು ನಗುತ್ತ ಕೂತಿದ್ದರು. ನಾನೂ ಧಾರವಾಡದ ಕಡೆಯವಳು ಎಂದು ಗೊತ್ತಾದ ಕೂಡಲೇ, "ಹೌದೇನವಾ! ನನಗ ಕಾಕು ಅನ್ನು, ಚಿಕ್ಕಮ್ಮ ಇದ್ದಂಗ. ಮ್ಯಾಡಮ್ಮು ಗೀಡಮ್ಮು ಬ್ಯಾಡ" ಎಂದರು.

ನಾನು ಮೊದಲು ಸ್ವಿಟ್ಜರ್ಲೆಂಡ್ ಎಂದೆ. ಒಂದು ವಾರ ಬಿಟ್ಟು ವಿನಾಯಕರ ಫೋನು: ಅವ್ವನ ಮೊಣಕಾಲಿಗೆ ಥಂಡಿ ಆಗುವುದಿಲ್ಲವಂತೆ. ಗ್ರೀಸ್ ಎಂದೆ. ಅಲ್ಲಿ ಮೆಟ್ಟಿಲು ಬಹಳವಂತೆ, ಅವ್ವ ಎಲ್ಲೋ ಕೇಳಿದ್ದಾರಂತೆ. ಟರ್ಕಿ ಎಂದೆ. ಊಟದ ಚಿಂತೆಯಂತೆ. ಅಪ್ಪನ ಪಕ್ಷದ ತಿಥಿ ಬರುತ್ತದೆ ಎಂಬ ಮಾತೂ ಬಂತು. ವಿನಾಯಕ ಪುರೋಹಿತರನ್ನು ಕೇಳಿ, ತಿಥಿ ಮುಗಿಸಿಯೇ ಹೊರಡುವ ಹಾಗೆ ದಿನ ಹೊಂದಿಸಿದರು. ಯಾವ ಸಲವೂ ಅವರ ದನಿಯಲ್ಲಿ ಬೇಸರವಿರಲಿಲ್ಲ. "ಅವ್ವಗ ಹೊಂದೂದು ಮುಖ್ಯ ಮ್ಯಾಡಮ್" ಎನ್ನುತ್ತಿದ್ದರು. ನಾನು ನೋಟ್‌ಬುಕ್ಕು ಮುಂದಿಟ್ಟುಕೊಂಡು ತಲೆ ಕೆರೆದುಕೊಂಡೆ. ಕೊನೆಗೆ ಇಟಲಿಯ ಉತ್ತರದ ಒಂದು ಸರೋವರದ ಊರು ಸಿಕ್ಕಿತು. ದಂಡೆಯುದ್ದಕ್ಕೂ ಸಪಾಟು ರಸ್ತೆ, ದೋಣಿಯಲ್ಲಿ ಕೂತು ತಿರುಗಬಹುದು, ಥಂಡಿ ಇಲ್ಲ, ಸೆಕೆ ಇಲ್ಲ, ಅಡುಗೆಮನೆ ಇರುವ ಮನೆಯೇ ಬಾಡಿಗೆಗೆ ಸಿಗುತ್ತದೆ. ಯಾವ ಕೊರತೆಯೂ ಇಲ್ಲ. ವಿನಾಯಕ ಖುಷಿಯಾದರು. ವೀಸಾ ಕೇಂದ್ರದಲ್ಲಿ ಐದೂ ಜನರಿಗೆ ಬೆರಳಚ್ಚು ಕೊಡುವ ದಿನ ಗೊತ್ತುಮಾಡಿದೆ.

ಆ ದಿನಕ್ಕೆ ಒಂದು ವಾರವಿರುವಾಗ, ಮಧ್ಯಾಹ್ನ ಊಟದ ಹೊತ್ತಿಗೆ ಇಂದಿರಾ ಕಾಕು ಒಬ್ಬರೇ ಆಫೀಸಿನ ಮೆಟ್ಟಿಲು ಹತ್ತಿ ಬಂದರು. ಮಳೆಗೆ ಸೀರೆಯ ಅಂಚು ಒದ್ದೆಯಾಗಿತ್ತು. ಪರ್ಸಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದು ನನ್ನ ಮುಂದಿಟ್ಟರು. ಒಳಗೆ ಅವರ ಪಾಸ್‌ಪೋರ್ಟು.

"ಇದು ನಿನ್ನ ಕಡೆ ಇರಲಿ ತಂಗಿ. ಅವರು ಹೋಗಿ ಬಂದ ಮ್ಯಾಲೆ ಇಸಗೋತೀನಿ."

"ಯಾರ್ ಹೋಗಿ ಬಂದ ಮ್ಯಾಲೆ, ಕಾಕು? ನೀವೂ ಹೊಂಟೀರಲ್ಲಾ?"

"ಇಲ್ಲವಾ. ನನಗ ಎಲ್ಲೂ ಹೋಗೂದು ಬ್ಯಾಡ. ನೀ ಯಾವ ಊರು ಹೇಳಿದ್ರೂ ನಾ ಒಂದೊಂದು ನೆವಾ ತಗದೆ. ನೀ ಮತ್ತ ಮತ್ತ ಛಲೋ ಊರು ಹುಡುಕಿ ಕೊಡಾಕತ್ತಿ. ಇನ್ನ ನೆವಾ ಮುಗದ್ವು ನನ್ನ ಕಡೆ."

ಯಾಕೆ ಬೇಡ ಎಂದು ಕೇಳಿದೆ. ಅವರು ಬಾಗಿಲ ಕಡೆ ಒಮ್ಮೆ ನೋಡಿ, ದನಿ ಇಳಿಸಿ ಹೇಳಿದರು.

"ಹುಟ್ಟಿದ ಮನ್ಯಾಗ ಹನ್ನೊಂದು ಮಂದಿ. ಕೊಟ್ಟ ಮನಿ ಚಾಳದಾಗ, ಒಂದ ಖೋಲಿ, ಅತ್ತಿ ಮಾವ ಮೈದುನಾರು. ಈಗ ಇಲ್ಲೆ ಐದು ಮಂದಿ. ನಾ ಹಾಲ್‌ನಾಗ ಮೊಮ್ಮಗನ ಜೋಡಿ ಮಲಗ್ತೀನಿ. ಯಾರೂ ಕೆಟ್ಟವರಲ್ಲ ತಂಗಿ, ದೇವರಾಣೆ. ಆದ್ರ ನಾ ಒಂದ ದಿನಾ ಒಂದ ಮನ್ಯಾಗ ಒಬ್ಬಾಕಿನ ಇದ್ದಿಲ್ಲ. ಒಮ್ಮೆ ಇರಬೇಕಂತ ಆಶಾ. ಅವರು ಹೋದ್ರ ಎಂಟು ದಿನಾ ಸಿಗ್ತಾವ."

"ಮಗಗ ಹೇಳ್ರಲ್ಲ ಹಂಗಂತ."

"ಹೆಂಗ್ ಹೇಳ್ಲಿ? 'ಬರೂದಿಲ್ಲ' ಅಂದ್ರ, 'ನಿಮ್ಮ ಜೋಡಿ ಇರಾಕ ಮನಸಿಲ್ಲ' ಅಂದಂಗ ಆಗೂದಿಲ್ಲೇನು? ಅಂವ ಬಿಲ್ಡಿಂಗ್ ತುಂಬ ಹೇಳಿಕೋತ ಅಡ್ಡಾಡ್ಯಾನ, ಅವ್ವನ್ನ ಕರಕೊಂಡು ಹೊಂಟೀನಿ ಅಂತ. ಪಾಸ್‌ಪೋರ್ಟ್ ಕಳೀತು ಅಂದ್ರ ಯಾರಿಗೂ ನೋವಿಲ್ಲ."

ಆ ಪಾಸ್‌ಪೋರ್ಟನ್ನು ನಾನು ಅಲ್ಲೇ ತಿರುಗಿ ಕೊಡಬೇಕಿತ್ತು. ಈ ಕೆಲಸಕ್ಕೆ ಬಂದ ಮೊದಲ ದಿನ ಭಂಡಾರಿ ಸರ್ ಹೇಳಿದ್ದೇ ಅದು: ಇನ್ನೊಬ್ಬರ ಪಾಸ್‌ಪೋರ್ಟು ರಸೀದಿ ಇಲ್ಲದೆ ಒಂದು ನಿಮಿಷವೂ ನಮ್ಮ ಹತ್ತಿರ ಇರಬಾರದು. ಆದರೆ ನಾನು ಡ್ರಾವರ್ ತೆರೆದು ಅದನ್ನು ಒಳಗಿಟ್ಟೆ. ಯಾಕೆ ಇಟ್ಟೆನೋ ಈಗ ಕೇಳಿದರೂ ಸರಿಯಾಗಿ ಹೇಳಲಾರೆ. ನಾನು ಮದುವೆಯಾಗಲಿಲ್ಲ. ಎಂಟು ಜನರ ಕ್ವಾರ್ಟರ್ಸಿನಿಂದ ಅಣ್ಣನ ಆರು ಜನರ ಮನೆಗೆ ಬಂದವಳು. ಕಾಕು ಕೇಳಿದ್ದು ನನಗೆ ಎಷ್ಟು ಬೇಗ ಅರ್ಥವಾಯಿತೆಂದರೆ, ಅದು ತಪ್ಪೋ ಸರಿಯೋ ಎಂದು ಯೋಚಿಸಲು ಪುರಸತ್ತೇ ಆಗಲಿಲ್ಲ.

ನಾಲ್ಕು ದಿನ ಕಳೆಯಿತು. ಶುಕ್ರವಾರ ಪಲ್ಲವಿಯ ಫೋನು ಬಂತು. ಬ್ಯಾಂಕಿನ ಯಾವುದೋ ಮೂಲೆಯಿಂದ ಮಾತಾಡುತ್ತಿದ್ದಳು.

"ಮ್ಯಾಡಮ್, ಅತ್ಯಾ ಅವರ ಪಾಸ್‌ಪೋರ್ಟ್ ನಿಮ್ಮ ಕಡೆ ಉಳದದೇನು, ರಹ ಗಯಾ ಕ್ಯಾ? ಪ್ಲೀಸ್ ನೋಡ್ರಿ. ಎಲ್ಲಾ ಪಾಸ್‌ಪೋರ್ಟ್ ನಾನೇ ಒಂದ್ ಫೈಲ್‌ನಾಗ ಇಟ್ಟಿದ್ದೆ. ಈಗ ಅದೊಂದೇ ಇಲ್ಲ. ವಿನಾಯಕ ಮೂರ್ ದಿನ ಆತು ನನ್ನ ಜೋಡಿ ಮಾತಾಡಿಲ್ಲ. ಅವರಿಗೆ ಲಗ್ತಾ ಹೈ ಕಿ... ಅತ್ಯಾ ಬರೋದು ನನಗ ಬೇಡ ಇತ್ತು, ಅದಕ್ಕೆ ನಾನೇ ಎಲ್ಲೋ ಬಚ್ಚಿಟ್ಟೀನಿ ಅಂತ."

ನನ್ನ ಮೊಣಕಾಲಿನಿಂದ ಅರ್ಧ ಅಡಿ ದೂರದಲ್ಲಿ, ಆ ಡ್ರಾವರಿನಲ್ಲಿ, ಅದಿತ್ತು. "ನೋಡಿ ಹೇಳ್ತೀನಿ" ಎಂದೆ. ಫೋನು ಇಟ್ಟೆ. ಯಾರಿಗೂ ನೋವಿಲ್ಲ ಎಂದಿದ್ದರು ಕಾಕು. ಹಾಗೆಯೇ ನಂಬಿದ್ದೆ ನಾನೂ.

ಭಂಡಾರಿ ಸರ್ ಮುಂದೆ ಹೋಗಿ ನಿಂತು ಎಲ್ಲ ಹೇಳಿದೆ. ಅವರಿಗೆ ಆಗ ಎಪ್ಪತ್ತೈದು ದಾಟಿತ್ತು, ಕಿವಿ ಸ್ವಲ್ಪ ಮಂದ. ಎರಡು ಸಲ ಹೇಳಬೇಕಾಯಿತು. ಎರಡನೇ ಸಲಕ್ಕೆ ಎದ್ದು ನಿಂತರು.

"ನಿನಗೆ ಮರ್ಲು ಹಿಡಿದಿದೆಯಾ? ಬೇರೆಯವರ ಪಾಸ್‌ಪೋರ್ಟ್ ಬಚ್ಚಿಡುವುದು ಅಂದರೆ ಎಂತದು ಗೊತ್ತುಂಟಾ? ಅವರು ಪೊಲೀಸಿಗೆ ಕಂಪ್ಲೇಂಟ್ ಕೊಟ್ಟರೆ ನಾನು ಈ ವಯಸ್ಸಿಗೆ ಸ್ಟೇಶನ್ನಿನಲ್ಲಿ ಕೂರಬೇಕಾ?"

"ತಪ್ಪಾತು ಸರ್."

"ತಪ್ಪಾಯಿತು ಸರಿ. ನಾಳೆಯೇ ಅವರ ಮನೆಗೆ ಹೋಗಿ ಕೊಟ್ಟು ಬಾ." ಕೂತುಕೊಂಡರು. ಆಮೇಲೆ ತಮ್ಮಷ್ಟಕ್ಕೇ ಎಂಬಂತೆ, "ಪಾಪ, ಆ ಹೆಂಗಸು ಕೇಳಿದ್ದು ದೊಡ್ಡದೇನಲ್ಲ" ಎಂದರು. ಈ ಎರಡು ಮಾತಿನಲ್ಲಿ ಯಾವುದನ್ನು ಹಿಡಿಯಬೇಕೋ ನನಗೆ ತಿಳಿಯಲಿಲ್ಲ.

ಶನಿವಾರ ಮಧ್ಯಾಹ್ನ ಹೋದೆ. ಚೆಂಬೂರಿನ ಒಂದು ಕಾಲನಿಯಲ್ಲಿ ನಾಲ್ಕನೇ ಮಹಡಿ. ವಿನಾಯಕ ಕಾರ್ಖಾನೆಯಲ್ಲಿದ್ದರು, ಮಕ್ಕಳು ಟ್ಯೂಶನ್ನಿಗೆ ಹೋಗಿದ್ದರು. ಹಾಲ್ ತುಂಬ ಸಾಮಾನು ಹರಡಿತ್ತು. ಪಲ್ಲವಿ ಸ್ಟೂಲಿನ ಮೇಲೆ ನಿಂತು ಲಾಫ್ಟಿನಿಂದ ಹಳೇ ಸೂಟ್‌ಕೇಸು ಇಳಿಸುತ್ತಿದ್ದಳು. ಕೂದಲಿಗೆ ಜೇಡರ ಬಲೆ ಹತ್ತಿತ್ತು. ಕಾಕು ನೆಲದ ಮೇಲೆ ಕೂತು ಮೆಂತೆ ಸೊಪ್ಪು ಬಿಡಿಸುತ್ತಿದ್ದರು. ನನ್ನನ್ನು ನೋಡಿ ಅವರ ಕೈ ನಿಂತಿತು.

ದಾರಿಯುದ್ದಕ್ಕೂ ಏನು ಹೇಳಬೇಕೆಂದು ನೂರು ಸಲ ಅಂದುಕೊಂಡಿದ್ದೆ. ಪಾಸ್‌ಪೋರ್ಟನ್ನು ಮೇಜಿನ ಮೇಲಿಟ್ಟು, "ಆಫೀಸಿನಲ್ಲೇ ಉಳಿದಿತ್ತು ಪಲ್ಲವಿ. ನನ್ನದೇ ತಪ್ಪು" ಎಂದೆ.

ಪಲ್ಲವಿ ಸ್ಟೂಲಿನಿಂದ ಇಳಿದು ಅದನ್ನು ಕೈಗೆತ್ತಿಕೊಂಡಳು. ಬಿಡಿಸಿ ನೋಡಿದಳು. ಅಲ್ಲೇ ಸೂಟ್‌ಕೇಸಿನ ಮೇಲೆ ಕುಸಿದು ಕೂತು ಅಳತೊಡಗಿದಳು. ನನ್ನ ಮೇಲೆ ಸಿಟ್ಟು ಮಾಡಲೂ ಅವಳಲ್ಲಿ ಶಕ್ತಿ ಇರಲಿಲ್ಲ. ಕಾಕು ಸೊಪ್ಪಿನ ಪರಾತವನ್ನು ಪಕ್ಕಕ್ಕೆ ಸರಿಸಿದರು.

"ಅಕಿ ತಪ್ಪಲ್ಲ, ಪಲ್ಲವಿ. ನಾನ ಒಯ್ದು ಕೊಟ್ಟಿದ್ದೆ."

ಒಂದೊಂದಾಗಿ ಎಲ್ಲ ಹೇಳಿದರು. ನನಗೆ ಹೇಳಿದ್ದಕ್ಕಿಂತ ನಿಧಾನವಾಗಿ, ನೆಲ ನೋಡುತ್ತ. ಪಲ್ಲವಿ ಅಳು ನಿಲ್ಲಿಸಿ ಕೇಳುತ್ತಿದ್ದಳು. ಈಗ ಜಗಳವಾಗುತ್ತದೆ, ನಾನು ಎದ್ದು ಹೋಗಲೇ ಎಂದು ನೋಡುತ್ತಿದ್ದೆ.

"ಅತ್ಯಾ," ಎಂದಳು ಪಲ್ಲವಿ, "ಹನ್ನೊಂದು ವರ್ಷ ಆತು ನಾ ಈ ಮನೆಗೆ ಬಂದು. ನನಗೂ ಒಂದ್ ದಿನ... ಅಕೇಲೀ, ಒಬ್ಬಾಕಿನ, ಈ ಮನೆಯಾಗ ಇರಬೇಕಂತ ಇತ್ತು. ನಾ ಯಾರಿಗೆ ಹೇಳ್ಲಿ? ನಿಮಗ ಹೆಂಗ್ ಹೇಳ್ಲಿ?"

ಕಾಕು ತಲೆ ಎತ್ತಿ ಸೊಸೆಯ ಮುಖ ನೋಡಿದರು. "ಅಂದ್ರ ನೀನೂ ಹೋಗಾಕಿ ಅಲ್ಲೇನು ಇಟಲಿಗೆ?"

"ನನಗ ಎಲ್ಲಾರದೂ ಪ್ಯಾಕಿಂಗ್ ಮಾಡಬೇಕು, ಅಲ್ಲಿ ಹೋಗಿ ಎಲ್ಲಾರಿಗೂ ಅಡುಗಿ ಮಾಡಬೇಕು. ಯೇ ಛುಟ್ಟಿ ಹೈ ಕ್ಯಾ? ಇದಕ್ಕ ರಜಾ ಅಂತಾರೇನು?"

ಅಡುಗೆಮನೆಯಿರುವ ಮನೆಯನ್ನು ಹುಡುಕಿ ಕೊಟ್ಟವಳು ನಾನೇ. ಯಾವ ಕೊರತೆಯೂ ಇಲ್ಲ ಎಂದುಕೊಂಡಿದ್ದೆ. ಅವರಿಬ್ಬರೂ ಒಬ್ಬರನ್ನೊಬ್ಬರು ಹೊಸಬರಂತೆ ನೋಡುತ್ತಿದ್ದರು. ನಾನು ಮಧ್ಯೆ, ಕಾಲಿಡಲು ಜಾಗವಿಲ್ಲದ ಹಾಲಿನಲ್ಲಿ ನಿಂತಿದ್ದೆ. ಆ ಐವರಿಗೆ ಅಷ್ಟು ದಿನ ಊರು ಹುಡುಕಿದವಳಿಗೆ ಅವರಲ್ಲಿ ಇಬ್ಬರಿಗೆ ಬೇಕಾದದ್ದು ಇದೇ ಮನೆ ಎಂದು ಗೊತ್ತಾಗಿರಲಿಲ್ಲ.

ಅತ್ತೆ ಸೊಸೆ ಇಬ್ಬರೂ ಎಲ್ಲ ಹೇಳಿದ ಮೇಲೆ, ಸೋಮವಾರ ವಿನಾಯಕ ಆಫೀಸಿಗೆ ಬಂದರು. ಒಬ್ಬರೇ. ನೀರಿನ ಲೋಟವನ್ನು ಸುಮ್ಮನೆ ತಿರುಗಿಸುತ್ತ ಕೂತರು.

"ನಾ ಏನ್ ತಪ್ಪ್ ಮಾಡಿದೆ ಮ್ಯಾಡಮ್? ಅವ್ವನ ಸಲುವಾಗಿ ಅಂತ ಮಾಡಿದೆ. ಅಕಿಗೂ ಬ್ಯಾಡ, ಇಕಿಗೂ ಬ್ಯಾಡ. ಮನ್ಯಾಗ ನಾನೊಬ್ಬಂವ ಇಲ್ಲದಿದ್ರ ಇಬ್ಬರಿಗೂ ಸುಖ ಅಂತೇನು?"

ಹಾಗಲ್ಲ ಎನ್ನಬಹುದಿತ್ತು. ಆದರೆ ಸ್ವಲ್ಪ ಮಟ್ಟಿಗೆ ಹಾಗೆಯೇ ಇತ್ತಲ್ಲ. ಭಂಡಾರಿ ಸರ್ ತಮ್ಮ ಕುರ್ಚಿಯನ್ನು ಎಳೆದುಕೊಂಡು ಅವರ ಪಕ್ಕ ಬಂದು ಕೂತರು.

"ಕುಲಕರ್ಣಿಯವರೇ, ಮೂರು ಜನಕ್ಕೆ ಮಾಡುವ. ನೀವು, ಮಕ್ಕಳಿಬ್ಬರು. ಒಂದು ಕೇಳ್ತೇನೆ, ಬೇಸರ ಮಾಡಬೇಡಿ. ಮಗಳಿಗೆ ಜಡೆ ಹಾಕಲಿಕ್ಕೆ ಬರ್ತದಾ ನಿಮಗೆ?"

ವಿನಾಯಕ ಅವರ ಮುಖವನ್ನೇ ನೋಡಿದರು. "ಇಲ್ಲ" ಎಂದರು. ಆಮೇಲೆ, ಯಾಕೋ, ನಕ್ಕುಬಿಟ್ಟರು. ನೀರು ಕುಡಿದರು.

ಎಂಟು ದಿನಗಳನ್ನು ಅತ್ತೆ ಸೊಸೆ ತಾವೇ ಕೂತು ಹಂಚಿಕೊಂಡರು. ಮೊದಲ ನಾಲ್ಕು ದಿನ ಕಾಕುಗೆ ಮನೆ, ಪಲ್ಲವಿ ಡೊಂಬಿವಲಿಯ ತವರಿಗೆ. ಕೊನೆಯ ನಾಲ್ಕು ದಿನ ಪಲ್ಲವಿಗೆ ಮನೆ, ಕಾಕು ಆಂಟಾಪ್ ಹಿಲ್‌ನ ತಂಗಿಯ ಮನೆಗೆ. ಪಕ್ಷದ ತಿಥಿ ಮುಗಿದ ಎರಡನೇ ದಿನ ವಿನಾಯಕ ಮಕ್ಕಳನ್ನು ಕರೆದುಕೊಂಡು ಹೊರಟರು. ಮೂರನೇ ದಿನ ಅವರು ನನ್ನ ಫೋನಿಗೆ ಒಂದು ಫೋಟೋ ಕಳಿಸಿದರು. ಸರೋವರದ ಎದುರು ಮಗಳು ನಿಂತಿದ್ದಾಳೆ, ಕೂದಲು ಕುತ್ತಿಗೆಯವರೆಗೆ ಕತ್ತರಿಸಿದೆ. ಕೆಳಗೆ ಬರೆದಿದ್ದರು: 'ಜಡೆ ಬರಲಿಲ್ಲ.' ಹಿಂದಿನ ಬೆಟ್ಟದ ಮರಗಳೆಲ್ಲ ಹಸಿರಾಗಿಯೇ ಇದ್ದವು. ಎಲೆ ಕೆಂಪಾಗಲು ಇನ್ನೂ ಮೂರು ವಾರವಾದರೂ ಬೇಕಿತ್ತು. ಅದನ್ನು ಅವರಿಗೆ ಮೊದಲೇ ಹೇಳಲು ಈ ಗದ್ದಲದಲ್ಲಿ ಮರೆತಿದ್ದೆ.

ಇದಕ್ಕೆ ಹಿಂದಿನ ದಿನ, ಅಂದರೆ ಕಾಕು ಒಬ್ಬರೇ ಇದ್ದ ಎರಡನೇ ದಿನ ಸಂಜೆ, ಆಫೀಸಿನಿಂದ ಮನೆಗೆ ಹೋಗುವಾಗ ನನ್ನ ಕಾಲು ತಾನಾಗಿ ಅವರ ಕಾಲನಿಯ ಕಡೆ ತಿರುಗಿತ್ತು. ಹೇಗಿದ್ದಾರೆ ನೋಡಿ ಬರೋಣ ಎನಿಸಿತ್ತು. ನಾಲ್ಕನೇ ಮಹಡಿಗೆ ಹೋಗಿ ಬೆಲ್ ಒತ್ತಿದೆ. ಒಳಗೆ ದೀಪ ಹತ್ತಿತ್ತು, ಬಾಗಿಲ ಸಂದಿಯಲ್ಲಿ ಬೆಳಕು ಕಾಣುತ್ತಿತ್ತು. ಕುರ್ಚಿ ಸರಿದ ಸದ್ದು ಕೇಳಿತು. ಯಾರೂ ಬಾಗಿಲು ತೆಗೆಯಲಿಲ್ಲ. ಇನ್ನೊಮ್ಮೆ ಒತ್ತಲು ಬೆರಳು ಎತ್ತಿದೆ. ಎಪ್ಪತ್ತು ವರ್ಷಕ್ಕೆ ಸಿಕ್ಕ ನಾಲ್ಕು ದಿನದಲ್ಲಿ ನಾನೂ ಹೋಗಿ ಬೆಲ್ ಬಾರಿಸುವುದೇ ಎಂದು ನಾಚಿಕೆಯಾಯಿತು. ಸುಖವಾಗಿದ್ದಾರೆ, ಇರಲಿ ಎಂದುಕೊಂಡು ಮೆಟ್ಟಿಲಿಳಿದು ಬಂದೆ. ಆ ಸಂಜೆಯೆಲ್ಲ ನನ್ನ ಮನಸ್ಸು ಹಗುರವಾಗಿತ್ತು. ಏನೇ ಎಡವಟ್ಟಾಗಿರಲಿ, ಈ ಒಬ್ಬರಿಗಾದರೂ ಸರಿಯಾದ ಜಾಗ ಸಿಕ್ಕಿತು ಎಂದುಕೊಂಡೆ.

ದಸರೆಯ ನಂತರ ಒಂದು ದಿನ ಕಾಕು ಸ್ಟೇಶನ್ ಹತ್ತಿರದ ತರಕಾರಿ ಸಾಲಿನಲ್ಲಿ ಸಿಕ್ಕರು. ಹೀರೇಕಾಯಿ ಆರಿಸುತ್ತಿದ್ದರು. "ಹೆಂಗಿತ್ರಿ ಕಾಕು?" ಎಂದು ಕೇಳಿದೆ.

"ಏನ್ ಹೇಳ್ಲಿ ತಂಗಿ. ಮೊದಲನೇ ದಿನಾ ಏನೂ ತಿಳೀಲಿಲ್ಲ. ಐದು ಮಂದಿಗಿ ಆಗೂವಷ್ಟು ಚಾ ಮಾಡಿ ಇಟ್ಟೆ, ಕುಡಿಯವರ ಇಲ್ಲ. ಎರಡನೇ ದಿನಾ ಅಳು ಬಂತು. ಯಾಕಂತ ಕೇಳಬ್ಯಾಡ, ಮುಂಜಾನಿಂದ ಸಂಜೀತನಾ ಅತ್ತೆ. ಮೂರನೇ ದಿನಾ ಎದ್ದೆ, ಎಷ್ಟ ಛಲೋ ಅನ್ನಿಸ್ತು ಅಂದ್ರ, ಕಿಟಕ್ಯಾಗ ಕುರ್ಚಿ ಹಾಕ್ಕೊಂಡು ಸುಮ್ಮನ ಕೂತೆ. ಅಡಗಿ ಸೈತ ಮಾಡಲಿಲ್ಲ. ನಾಕನೇ ದಿನಾ, ಇವರು ಇನ್ನ ಬರಬಾರದಪಾ ಅನ್ನಿಸ್ತು. ಅದಕ್ಕ ಅಂಜಿಕಿ ಬಂದು, ಪಲ್ಲವಿಗಿ ನಾನ ಫೋನ್ ಮಾಡಿ 'ಲಗೂ ಬಾ' ಅಂದೆ."

ಎರಡನೇ ದಿನವೇ ನಾನು ಅವರ ಬಾಗಿಲಿಗೆ ಹೋಗಿದ್ದು. ಆ ಸಂಜೆ ಬಂದು ಬೆಲ್ ಒತ್ತಿದ್ದು ನಾನೇ, ನೀವು ಸುಖವಾಗಿದ್ದೀರಿ ಎಂದು ತಿಳಿದು ತಿರುಗಿ ಹೋದೆ ಎಂದು ಹೇಳಿದೆ. ಇನ್ನೊಂದು ಸಲ ಒತ್ತಬೇಕಿತ್ತೇನೋ ಎಂದೆ.

ಕಾಕು ಕೈಯಲ್ಲಿದ್ದ ಹೀರೇಕಾಯಿಯನ್ನು ಬುಟ್ಟಿಗೆ ಹಾಕಿದರು.

"ಇನ್ನೊಮ್ಮೆ ಬಾರಿಸಿದ್ರ ಬಾಗಲಾ ತಗೀತಿದ್ದೆ. ತಗದಿದ್ರ, ತಂಗಿ, ಮೂರನೇ ದಿನಾ ನನಗ ಸಿಗತಿರಲಿಲ್ಲ."